ಡೇಟನ್ ತಂಡಕ್ಕೆ ದೊಡ್ಡವರ ಜೊತೆ ಪಂದ್ಯ ಸಿಗುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವಳಿಂದಾಗಿ ಮನೆಯವರಿಗೆಲ್ಲ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. 2024ರ ನವೆಂಬರ್‌ನಲ್ಲಿ ಡೇಟನ್ ತಂಡ ಹಿಂದಿನ ಎರಡು ವರ್ಷಗಳ ಚಾಂಪಿಯನ್ ಯುಕಾನ್ ತಂಡವನ್ನು ಸೋಲಿಸಿತು. ಆದರೂ ಮಾರ್ಚ್‌ನಲ್ಲಿ ನಡೆಯುವ ದೊಡ್ಡ ಟೂರ್ನಿಗೆ ಅದು ಆಯ್ಕೆಯಾಗಲಿಲ್ಲ. ಡೇಟನ್‌ನಂಥ ತಂಡಕ್ಕೆ ಅಷ್ಟು ದೊಡ್ಡ ತಂಡಗಳ ಎದುರು ಆಡುವ ಅವಕಾಶ ಕೊಡುವವರು ಯಾರು? ದುಡ್ಡು ಕೊಟ್ಟು ಆಡುತ್ತಾರೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಪಂದ್ಯ ನೋಡುವವರು ಬಹಳ ಮಂದಿ. ಆ ಪಂದ್ಯ ಗೊತ್ತಾದದ್ದು ಹೇಗೆ ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದು ಸಂತೋಷ. ನಿಮ್ಮ ಸಂದೇಹದೊಳಗೆ ಮೂರು ಪ್ರಶ್ನೆಗಳಿವೆ. ಪಂದ್ಯ ಗೊತ್ತುಮಾಡುವವರು ಯಾರು, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಅಷ್ಟು ದೊಡ್ಡ ಗೆಲುವೂ ಸಾಲದೆ ಹೋದದ್ದು ಏಕೆ. ಇದೇ ಕ್ರಮದಲ್ಲಿ ನೋಡೋಣ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ದರ್ಜೆಯಲ್ಲಿ 360ಕ್ಕೂ ಹೆಚ್ಚು ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಗಳಿವೆ. ಇವು ಸುಮಾರು 30 ಗುಂಪುಗಳಲ್ಲಿ ಹಂಚಿಹೋಗಿವೆ. ಒಂದೊಂದು ಗುಂಪನ್ನೂ ಕಾನ್ಫರೆನ್ಸ್ ಎನ್ನುತ್ತಾರೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ, ಬಿಗ್ ಈಸ್ಟ್ ಇವು ಹಣ, ಟಿ.ವಿ. ಒಪ್ಪಂದ, ಹೆಸರು ಎಲ್ಲದರಲ್ಲೂ ಮುಂದಿರುವ ಕಾನ್ಫರೆನ್ಸ್‌ಗಳು. ಇವುಗಳ ಹೊರಗಿದ್ದೂ ಗಟ್ಟಿಯಾಗಿ ಆಡುವ ತಂಡಗಳನ್ನು ಮಿಡ್-ಮೇಜರ್ ಎಂದು ಕರೆಯುವ ರೂಢಿಯಿದೆ. ಅಟ್ಲಾಂಟಿಕ್ 10 ಕಾನ್ಫರೆನ್ಸ್‌ಗೆ ಸೇರಿದ ಡೇಟನ್ ಈ ಸಾಲಿನದು.

ಋತು ನವೆಂಬರ್ ಮೊದಲ ವಾರದಲ್ಲಿ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಒಂದು ತಂಡಕ್ಕೆ ಸಿಗುವುದು ಹೆಚ್ಚುಕಡಿಮೆ 30 ಪಂದ್ಯ. ಅದರಲ್ಲಿ 18 ಅಥವಾ 20 ಪಂದ್ಯಗಳನ್ನು ಕಾನ್ಫರೆನ್ಸೇ ನಿಗದಿ ಮಾಡುತ್ತದೆ. ಉಳಿದ ಹತ್ತು ಹನ್ನೆರಡು ಪಂದ್ಯಗಳು ಕಾನ್ಫರೆನ್ಸ್‌ನ ಹೊರಗಿನವರ ಜೊತೆ, ಹೆಚ್ಚಾಗಿ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ. ಇವನ್ನು ಗೊತ್ತುಮಾಡಲು ಮೇಲಿನವರು ಯಾರೂ ಇಲ್ಲ. ರಣಜಿಯಲ್ಲಿ ಕರ್ನಾಟಕ ಯಾರ ಎದುರು, ಯಾವ ಊರಿನಲ್ಲಿ ಆಡಬೇಕು ಎಂಬುದನ್ನು ಬಿಸಿಸಿಐ ಬರೆದುಕೊಡುತ್ತದೆ. ಅದಕ್ಕೆ ಒಗ್ಗಿಕೊಂಡ ನಮಗೆ ಇದು ವಿಚಿತ್ರವೆನಿಸುವುದು ಸಹಜ. ಅಲ್ಲಿ ಪ್ರತಿ ಕಾಲೇಜೂ ತನ್ನ ಎದುರಾಳಿಯನ್ನು ತಾನೇ ಹುಡುಕಿಕೊಳ್ಳಬೇಕು, ಮಾತಾಡಿ ಒಪ್ಪಿಸಬೇಕು. ಇವನ್ನು ಸ್ನೇಹ ಪಂದ್ಯ ಎಂದುಕೊಳ್ಳಬೇಡಿ. ಗೆಲುವೂ ಸೋಲೂ ತಂಡದ ಲೆಕ್ಕಕ್ಕೆ ಪೂರ್ತಿ ಸೇರುತ್ತವೆ.

ಹುಡುಕುವ ಕೆಲಸ ಸಾಮಾನ್ಯವಾಗಿ ಒಬ್ಬ ಸಹಾಯಕ ಕೋಚ್ ಅಥವಾ ತಂಡದ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಯದು. ಅವರ ಮುಂದೆ ಆ ಎರಡು ತಿಂಗಳ ದಿನಗಳ ಪಟ್ಟಿ ಇರುತ್ತದೆ. ಡಿಸೆಂಬರ್ ಪರೀಕ್ಷೆಯ ವಾರವನ್ನು ಮೊದಲೇ ಹೊಡೆದುಹಾಕಿರುತ್ತಾರೆ. ಒಳಾಂಗಣದಲ್ಲಿ ಸಂಗೀತ ಕಾರ್ಯಕ್ರಮವೋ ಹಾಕಿ ಪಂದ್ಯವೋ ಇರುವ ದಿನಗಳೂ ಹೋಗುತ್ತವೆ. ಉಳಿದ ಖಾಲಿ ದಿನಗಳನ್ನು ಹಿಡಿದುಕೊಂಡು ಫೋನು, ಮೆಸೇಜು ಶುರು. ಹಿಂದೆ ಒಟ್ಟಿಗೆ ಕೆಲಸ ಮಾಡಿದವರು, ಒಬ್ಬನೇ ಗುರುವಿನ ಕೈಯಲ್ಲಿ ಪಳಗಿದವರು ಬೇರೆ ಬೇರೆ ಕಾಲೇಜುಗಳಲ್ಲಿ ಕೋಚ್ ಆಗಿರುತ್ತಾರೆ. ಎಷ್ಟೋ ಪಂದ್ಯಗಳು ಈ ಪರಿಚಯದ ಮೇಲೆಯೇ ಕುದುರುತ್ತವೆ. ಸಂಧಾನ ಮಾಡಿಸುವ ಮಧ್ಯವರ್ತಿಗಳೂ ಇದ್ದಾರೆ. ಮಾತು ಮುಗಿದ ಮೇಲೆ ಕರಾರು ಬರೆಯುತ್ತಾರೆ. ದಿನಾಂಕ, ಸ್ಥಳ, ಹಣ, ರೆಫರಿಗಳನ್ನು ನೇಮಿಸುವವರು ಯಾರು, ಟಿ.ವಿ. ಹಕ್ಕು ಯಾರದು, ಅತಿಥಿ ತಂಡಕ್ಕೆ ಎಷ್ಟು ಉಚಿತ ಟಿಕೆಟ್, ಒಪ್ಪಿಕೊಂಡ ಮೇಲೆ ಕೈಕೊಟ್ಟರೆ ಎಷ್ಟು ಪರಿಹಾರ ಕಟ್ಟಬೇಕು, ಎಲ್ಲವೂ ಅದರಲ್ಲಿರುತ್ತದೆ. ರೆಫರಿಗಳು ಸಾಮಾನ್ಯವಾಗಿ ಆತಿಥೇಯರ ಕಡೆಯಿಂದಲೇ ಬರುತ್ತಾರೆ. ಪರ ಊರಿಗೆ ಹೋಗಿ ಆಡುವವರ ಪಾಡು ಎಷ್ಟು ಕಷ್ಟ ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ನೀವು ಕೇಳಿದ ದುಡ್ಡಿನ ವಿಷಯ. ಬಹಳ ಜನ ಎಡವುವುದು ಇಲ್ಲೇ. ದೊಡ್ಡವರ ಜೊತೆ ಆಡಲು ಸಣ್ಣವರು ದುಡ್ಡು ತೆರುತ್ತಾರೆ ಎಂದುಕೊಳ್ಳುವುದು ಸಹಜ. ನಡೆಯುವುದು ತಿರುಗುಮುರುಗಾಗಿ. ದೊಡ್ಡ ತಂಡವೇ ಸಣ್ಣ ತಂಡಕ್ಕೆ ಹಣ ಕೊಟ್ಟು ತನ್ನ ಊರಿಗೆ ಕರೆಸಿಕೊಳ್ಳುತ್ತದೆ. ಇದಕ್ಕೆ ಬೈ ಗೇಮ್ ಅಥವಾ ಗ್ಯಾರಂಟಿ ಗೇಮ್ ಎಂದು ಹೆಸರು. ದೊಡ್ಡ ಕಾಲೇಜಿಗೆ ತವರಿನ ಒಂದೊಂದು ಪಂದ್ಯವೂ ಆದಾಯ: ಗೇಟ್ ಕಲೆಕ್ಷನ್, ಪಾರ್ಕಿಂಗ್, ತಿಂಡಿ ಅಂಗಡಿ, ಸೀಸನ್ ಟಿಕೆಟ್ ಕೊಂಡವರಿಗೆ ಕೊಟ್ಟ ಮಾತು. ಜೊತೆಗೆ ಗೆಲುವೂ ಬಹುತೇಕ ಖಚಿತ. ಮರಳಿ ಆ ಸಣ್ಣ ಊರಿಗೆ ಹೋಗಿ ಆಡುವ ಹಂಗೂ ಇಲ್ಲ. ಸಣ್ಣ ಕಾಲೇಜಿಗೆ ಆ ಹಣದಿಂದ ಕ್ರೀಡಾ ವಿಭಾಗದ ಖರ್ಚು ನಡೆಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 2019ರ ನವೆಂಬರ್ 12ರಂದು ಕೆಂಟಕಿ ವಿಶ್ವವಿದ್ಯಾಲಯ ಇಂಡಿಯಾನಾ ರಾಜ್ಯದ ಎವನ್ಸ್‌ವಿಲ್ ತಂಡವನ್ನು 90,000 ಡಾಲರ್ ಕೊಟ್ಟು ಕರೆಸಿತು. ಆಗಿನ ದರದಲ್ಲಿ ಅದು 60 ಲಕ್ಷ ರೂಪಾಯಿಗೂ ಹೆಚ್ಚು. ಕೆಂಟಕಿ ಆ ವಾರ ದೇಶದ ನಂಬರ್ 1 ತಂಡ. ಅದರ ರಪ್ ಅರೀನಾದಲ್ಲಿ 20,000 ಜನ ಕೂರಬಹುದು. ಎವನ್ಸ್‌ವಿಲ್ ಕೋಚ್ ವಾಲ್ಟರ್ ಮೆಕಾರ್ಟಿ ಒಂದು ಕಾಲದಲ್ಲಿ ಕೆಂಟಕಿಗೇ ಆಡಿದವರು. ಪಂದ್ಯ ಮುಗಿದಾಗ ಅಂಕ 67–64, ಗೆದ್ದದ್ದು ಎವನ್ಸ್‌ವಿಲ್. ಎರಡು ವಾರ ಕಳೆಯುವಷ್ಟರಲ್ಲಿ ಟೆಕ್ಸಾಸ್‌ನ ಸ್ಟೀಫನ್ ಎಫ್. ಆಸ್ಟಿನ್ ತಂಡ, ಆಗ ನಂಬರ್ 1 ಆಗಿದ್ದ ಡ್ಯೂಕ್ ತಂಡವನ್ನು ಅದರ ಅಂಗಣದಲ್ಲೇ ಹೆಚ್ಚುವರಿ ಅವಧಿಯಲ್ಲಿ 85–83ರಿಂದ ಸೋಲಿಸಿತು. ಕಾನ್ಫರೆನ್ಸ್ ಹೊರಗಿನ ತಂಡಗಳ ಎದುರು ತವರಿನಲ್ಲಿ ಡ್ಯೂಕ್ ಸತತ 150 ಪಂದ್ಯ ಗೆದ್ದಿತ್ತು. ಆ ಸರಣಿ ಅಂದು ಮುರಿಯಿತು. ಇಂಥವು ಅಪರೂಪ. ಅಪರೂಪವಾದ್ದರಿಂದಲೇ ದೊಡ್ಡವರು ಚೆಕ್ ಬರೆಯುತ್ತಲೇ ಇದ್ದಾರೆ. ಎವನ್ಸ್‌ವಿಲ್‌ನ ಮುಂದಿನ ಕಥೆಯನ್ನೂ ಹೇಳಬೇಕು. ಅದೇ ಋತುವಿನಲ್ಲಿ ತನ್ನ ಕಾನ್ಫರೆನ್ಸ್‌ನ 18 ಪಂದ್ಯಗಳನ್ನೂ ಅದು ಸೋತಿತು.

ಈಗ ಡೇಟನ್‌ಗೆ ಬರೋಣ. ಡೇಟನ್‌ನಂಥ ತಂಡಕ್ಕೆ ಈ ದುಡ್ಡಿನ ಪಂದ್ಯಗಳ ದಾರಿ ಬಹುಮಟ್ಟಿಗೆ ಮುಚ್ಚಿದೆ. ಕಾರಣ ಅದು ಚೆನ್ನಾಗಿ ಆಡುತ್ತದೆ. ಹಣ ಕೊಟ್ಟು ಸೋಲನ್ನು ಮನೆಗೆ ಕರೆಯಲು ಯಾವ ಕೋಚೂ ಇಷ್ಟಪಡುವುದಿಲ್ಲ. ಡೇಟನ್‌ನ ಎದುರು ಗೆದ್ದರೆ ದೊಡ್ಡವರಿಗೆ ಸಿಗುವ ಹೊಗಳಿಕೆ ಅಷ್ಟಕ್ಕಷ್ಟೆ, ಸೋತರೆ ಊರೆಲ್ಲ ಮಾತು. ಹೀಗಾಗಿ ಮಿಡ್-ಮೇಜರ್ ತಂಡ ಬಲವಾದಷ್ಟೂ ಅದರ ಫೋನಿಗೆ ಉತ್ತರ ಬರುವುದು ಕಡಿಮೆಯಾಗುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಹಾಗಾದರೆ ಉಳಿದ ದಾರಿಗಳೇನು? ನ್ಯಾಯವಾದದ್ದು ಹೋಮ್-ಆ್ಯಂಡ್-ಹೋಮ್. ಈ ವರ್ಷ ನೀವು ನಮ್ಮಲ್ಲಿಗೆ ಬನ್ನಿ, ಬರುವ ವರ್ಷ ನಾವು ಬರುತ್ತೇವೆ ಎಂಬ ಒಪ್ಪಂದ. ದೊಡ್ಡವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆಗ ಟು-ಫಾರ್-ಒನ್ ಮಾತು ಬರುತ್ತದೆ: ಸಣ್ಣವರು ಎರಡು ಸಲ ಅಲ್ಲಿಗೆ ಹೋಗುವುದು, ದೊಡ್ಡವರು ಒಂದು ಸಲ ಇಲ್ಲಿಗೆ ಬರುವುದು. ಅದೂ ಆಗದಿದ್ದರೆ ಇಬ್ಬರದೂ ಅಲ್ಲದ ಮೂರನೆಯ ಊರಿನಲ್ಲಿ ಆಡುವುದು. ಯಾವ ಒಪ್ಪಂದ ಸಿಗುತ್ತದೆ ಎಂಬುದು ತಂಡದ ಕೈಯಲ್ಲಿ ಕೊಡಲು ಏನಿದೆ ಎನ್ನುವುದರ ಮೇಲೆ ನಿಂತಿದೆ. ಈ ವಿಷಯದಲ್ಲಿ ಡೇಟನ್ ಪುಣ್ಯವಂತ ತಂಡ. ಅದರ ಯುಡಿ ಅರೀನಾದಲ್ಲಿ 13,000ಕ್ಕೂ ಹೆಚ್ಚು ಆಸನಗಳಿವೆ. ಅಲ್ಲಿ ಸೇರುವ ಜನಸಂದಣಿ ಎಷ್ಟೋ ದೊಡ್ಡ ಕಾಲೇಜುಗಳಿಗೂ ಇಲ್ಲ. ಅಂಥ ಅಂಗಣಕ್ಕೆ ಬಂದು ಆಡಿದರೆ ಟಿ.ವಿ.ಯಲ್ಲೂ ಕಳೆಗಟ್ಟುತ್ತದೆ. 2024ರ ಡಿಸೆಂಬರ್‌ನಲ್ಲಿ ಬಿಗ್ ಈಸ್ಟ್‌ನ ಮಾರ್ಕೆಟ್ ವಿಶ್ವವಿದ್ಯಾಲಯ ತಂಡ ಅಲ್ಲಿಗೆ ಬಂದು ಆಡಿ ಸೋತು ಹೋಯಿತು. ಮೂರು ಸಾವಿರ ಆಸನಗಳ ಜಿಮ್ ಇರುವ ಕಾಲೇಜಿಗೆ ಮಾರ್ಕೆಟ್‌ನಂಥ ತಂಡ ಬರುವುದು ಕನಸಿನ ಮಾತು.

ನೀವು ಹೇಳಿದ ಯುಕಾನ್ ಪಂದ್ಯ ಇವೆಲ್ಲಕ್ಕಿಂತ ಬೇರೆ ದಾರಿಯಲ್ಲಿ ಬಂದದ್ದು. ನವೆಂಬರ್‌ನಲ್ಲಿ, ವಿಶೇಷವಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ, ನಾಲ್ಕು ಅಥವಾ ಎಂಟು ತಂಡಗಳನ್ನು ಒಂದು ಕಡೆ ಸೇರಿಸಿ ಎರಡು ಮೂರು ದಿನದ ಟೂರ್ನಿ ನಡೆಸುತ್ತಾರೆ. ಇವುಗಳಲ್ಲಿ ಹೆಸರಾದದ್ದು ಹವಾಯಿ ದ್ವೀಪಗಳ ಮಾವಿ ಇನ್ವಿಟೇಶನಲ್. ಇದರ ಹುಟ್ಟಿನ ಹಿಂದೆಯೂ ಒಬ್ಬ ಸಣ್ಣವನ ಗೆಲುವಿದೆ. 1982ರ ಡಿಸೆಂಬರ್‌ನಲ್ಲಿ ಹೊನೊಲುಲುವಿನ ಷಾಮಿನಾಡ್ ಎಂಬ ಪುಟ್ಟ ಕಾಲೇಜು, ರಾಲ್ಫ್ ಸ್ಯಾಂಪ್ಸನ್ ಆಡುತ್ತಿದ್ದ ನಂಬರ್ 1 ವರ್ಜೀನಿಯಾ ತಂಡವನ್ನು 77–72ರಿಂದ ಸೋಲಿಸಿತ್ತು. ಆ ಸುದ್ದಿಯ ಬಿಸಿಯಲ್ಲೇ ರೂಪುಗೊಂಡ ಟೂರ್ನಿ 1984ರಲ್ಲಿ ಆರಂಭವಾಯಿತು. ಆಟ ನಡೆಯುವ ಲಹೈನಾ ಸಿವಿಕ್ ಸೆಂಟರ್‌ನಲ್ಲಿ 2,400 ಜನರಿಗಷ್ಟೇ ಜಾಗ. ದೇಶದ ದೊಡ್ಡ ತಂಡಗಳು ನಮ್ಮ ಊರಿನ ಸಾಧಾರಣ ಒಳಾಂಗಣದಷ್ಟು ಚಿಕ್ಕ ಜಾಗದಲ್ಲಿ ಬೆವರು ಸುರಿಸುವುದನ್ನು ನೋಡುವುದೇ ಒಂದು ಖುಷಿ.

ಇಂಥ ಟೂರ್ನಿಯಲ್ಲಿ ಮಿಡ್-ಮೇಜರ್‌ಗೆ ಅನುಕೂಲವೆಂದರೆ ಯಾರೂ ಯಾರ ಊರಿಗೂ ಹೋಗಬೇಕಾಗಿಲ್ಲ. ಎದುರಾಳಿಯನ್ನು ಒಪ್ಪಿಸುವ ಕಷ್ಟವೂ ಇಲ್ಲ, ಪಟ್ಟಿಯೇ ಎದುರಾಳಿಯನ್ನು ತಂದು ನಿಲ್ಲಿಸುತ್ತದೆ. ಆದರೆ ಆಹ್ವಾನ ಸಿಗಬೇಕು. ಅದು ವರ್ಷಗಳ ಮುಂಚೆಯೇ ಗೊತ್ತಾಗಿರುತ್ತದೆ. ಸಂಘಟಕರು ನೋಡುವುದು ತಂಡದ ಇತಿಹಾಸವನ್ನು, ಅದರ ಹಿಂದೆ ವಿಮಾನ ಹತ್ತಿ ಬರುವ ಅಭಿಮಾನಿಗಳ ಸಂಖ್ಯೆಯನ್ನು. ಡೇಟನ್‌ಗೆ ಎರಡೂ ಇವೆ. 2019ರಲ್ಲೂ ಅದು ಮಾವಿಗೆ ಹೋಗಿ ಫೈನಲ್ ತಲುಪಿ, ಹೆಚ್ಚುವರಿ ಅವಧಿಯಲ್ಲಿ ಕಾನ್ಸಾಸ್‌ಗೆ ಸೋತಿತ್ತು. 2024ರಲ್ಲಿ ಮತ್ತೆ ಮಾವಿಗೆ ಹೋದಾಗ ಮೊದಲ ದಿನ ನಾರ್ತ್ ಕೆರೊಲಿನಾ ಎದುರು ದೊಡ್ಡ ಮುನ್ನಡೆ ಕೈಯಲ್ಲಿದ್ದೂ 92–90ರಿಂದ ಸೋತಿತು. ಎರಡನೆಯ ದಿನ ಅಯೋವಾ ಸ್ಟೇಟ್ ಎದುರೂ ಸೋಲು. ಮೂರನೆಯ ದಿನ ಯುಕಾನ್ ಮೇಲೆ 85–67ರ ಗೆಲುವು. ಆ ವಾರ ಯುಕಾನ್ ತನ್ನ ಮೂರೂ ಪಂದ್ಯ ಸೋತಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ಕೊನೆಯ ಪ್ರಶ್ನೆ. 2025ರ ಮಾರ್ಚ್ ಟೂರ್ನಿಯಲ್ಲಿ 68 ತಂಡಗಳು ಆಡಿದವು. ಅವುಗಳಲ್ಲಿ 31 ಸ್ಥಾನ ಆಯಾ ಕಾನ್ಫರೆನ್ಸ್‌ನ ಚಾಂಪಿಯನ್ನರಿಗೆ ನೇರವಾಗಿ ಸಿಕ್ಕಿದವು. ಉಳಿದ 37 ಸ್ಥಾನಗಳಿಗೆ ಆಯ್ಕೆ ಸಮಿತಿ ತಂಡಗಳನ್ನು ಆರಿಸಿತು. ಸಮಿತಿ 2018–19ರ ಋತುವಿನಿಂದ ನೆಟ್ ಎಂಬ ರ‍್ಯಾಂಕಿಂಗ್ ಬಳಸುತ್ತಿದೆ. ಈ ರ‍್ಯಾಂಕಿಂಗ್ ಆಧಾರದ ಮೇಲೆ ಪ್ರತಿ ಪಂದ್ಯವನ್ನೂ ನಾಲ್ಕು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ದರ್ಜೆಯನ್ನು ಕ್ವಾಡ್ ಎನ್ನುತ್ತಾರೆ. ಕ್ವಾಡ್ 1 ಎಂದರೆ ಅತಿ ಕಷ್ಟದ ಪಂದ್ಯ. ಎದುರಾಳಿ ಯಾರು ಎನ್ನುವುದರ ಜೊತೆಗೆ ಆಡಿದ್ದು ಎಲ್ಲಿ ಎನ್ನುವುದೂ ಇಲ್ಲಿ ಮುಖ್ಯ. ತವರಿನಲ್ಲಿ ಆಡಿದರೆ ಎದುರಾಳಿ ಮೊದಲ 30ರೊಳಗೆ ಇರಬೇಕು. ತಟಸ್ಥ ಅಂಗಣವಾದರೆ ಮೊದಲ 50, ಎದುರಾಳಿಯ ಊರಿನಲ್ಲಾದರೆ ಮೊದಲ 75. ಆದ್ದರಿಂದ 70ನೆಯ ಸ್ಥಾನದ ತಂಡವನ್ನು ಅದರ ಊರಿಗೇ ಹೋಗಿ ಸೋಲಿಸಿದರೆ ಅದು ಕ್ವಾಡ್ 1 ಗೆಲುವು, ಅದೇ ತಂಡವನ್ನು ಮನೆಯಲ್ಲಿ ಸೋಲಿಸಿದರೆ ಅಲ್ಲ. ಮಿಡ್-ಮೇಜರ್‌ಗಳು ಬಸ್ಸು, ವಿಮಾನ ಹತ್ತಿ ಊರೂರು ಅಲೆಯುವುದಕ್ಕೆ ಇದೇ ಕಾರಣ.

ದೊಡ್ಡ ಕಾನ್ಫರೆನ್ಸ್‌ನವರಿಗೆ ಅಲೆಯುವ ಅಗತ್ಯವಿಲ್ಲ. ಜನವರಿ, ಫೆಬ್ರುವರಿಯಲ್ಲಿ ತಮ್ಮೊಳಗೇ ಆಡುವಾಗ ವಾರಕ್ಕೊಂದು ಎರಡು ಕ್ವಾಡ್ 1 ಪಂದ್ಯ ತಾನಾಗಿ ಸಿಗುತ್ತದೆ. ನಾಲ್ಕು ಸೋತರೂ ನಾಲ್ಕು ಗೆಲ್ಲಲು ಅವಕಾಶವಿದೆ. 2025ರಲ್ಲಿ ಎಸ್‌ಇಸಿಯ 16 ತಂಡಗಳಲ್ಲಿ 14 ಆಯ್ಕೆಯಾದವು. ಡೇಟನ್ ಇರುವ ಅಟ್ಲಾಂಟಿಕ್ 10ರಿಂದ ಹೋದದ್ದು ಒಂದೇ ತಂಡ, ಚಾಂಪಿಯನ್ ವಿಸಿಯು. ಮಿಡ್-ಮೇಜರ್‌ನ ಸಂಕಟ ಇದು: ಜನವರಿಯಿಂದಾಚೆ ಗೆದ್ದರೂ ಹೆಚ್ಚು ಲಾಭವಿಲ್ಲ, ಸೋತರೆ ಭಾರೀ ನಷ್ಟ. ಡೇಟನ್‌ಗೆ ಆದದ್ದು ಹೀಗೆ. ಜನವರಿಯ ಆರಂಭದಲ್ಲಿ ತನ್ನ ಕಾನ್ಫರೆನ್ಸ್‌ನ ತಂಡಗಳಿಗೇ ಸಾಲಾಗಿ ಸೋತಿತು. ಮಾರ್ಚ್‌ನ ಕಾನ್ಫರೆನ್ಸ್ ಟೂರ್ನಿಯಲ್ಲೂ ಫೈನಲ್ ತನಕ ಹೋಗಲಿಲ್ಲ. ಯುಕಾನ್, ಮಾರ್ಕೆಟ್ ಮೇಲಿನ ಗೆಲುವು ಪುಸ್ತಕದಲ್ಲಿ ಹಾಗೇ ಇದ್ದವು, ಆದರೆ ಪಕ್ಕದಲ್ಲೇ ಈ ಸೋಲುಗಳೂ ಇದ್ದವು. ಕೊನೆಗೆ ಎನ್‌ಐಟಿ ಎಂಬ ಎರಡನೆಯ ಟೂರ್ನಿಗೆ ಹೋಗಬೇಕಾಯಿತು.

ಹೀಗಾದದ್ದು ಡೇಟನ್‌ಗೆ ಮಾತ್ರವಲ್ಲ. 2015–16ರಲ್ಲಿ ನ್ಯೂಜೆರ್ಸಿಯ ಮನ್ಮತ್ ತಂಡ ಊರು ಬಿಟ್ಟು ಹೋಗಿ ಯುಸಿಎಲ್‌ಎ ಮತ್ತು ಜಾರ್ಜ್‌ಟೌನ್ ತಂಡಗಳನ್ನು ಅವರವರ ನೆಲದಲ್ಲೇ ಸೋಲಿಸಿತು. ತಟಸ್ಥ ಅಂಗಣದಲ್ಲಿ ನೋಟ್ರ ಡೇಮ್ ಮತ್ತು ಯುಎಸ್‌ಸಿಯನ್ನೂ ಮಣಿಸಿತು. ಕೋಚ್ ಕಿಂಗ್ ರೈಸ್ ಕೈಲಾದದ್ದನ್ನೆಲ್ಲ ಮಾಡಿದ್ದರು. ಕಾನ್ಫರೆನ್ಸ್ ಫೈನಲ್‌ನಲ್ಲಿ ಅಯೋನಾ ಎದುರು 79–76ರಿಂದ ಸೋತಿತು. ಕೆಳಗಿನ ತಂಡಗಳಿಗೆ ಸೋತ ಒಂದೆರಡು ಪಂದ್ಯಗಳೂ ಇದ್ದವು. 27 ಗೆಲುವು, 7 ಸೋಲಿನ ತಂಡವನ್ನು ಸಮಿತಿ ಹೊರಗಿಟ್ಟಿತು. 2024ರಲ್ಲಿ ಇಂಡಿಯಾನಾ ಸ್ಟೇಟ್ ತಂಡ 28 ಗೆದ್ದು 6 ಸೋತಿತ್ತು. ನೆಟ್ ರ‍್ಯಾಂಕಿಂಗ್‌ನಲ್ಲಿ ಮೊದಲ 30ರೊಳಗಿತ್ತು. ಅಲಬಾಮಾ ಮತ್ತು ಮಿಷಿಗನ್ ಸ್ಟೇಟ್ ಅಂಗಣಗಳಿಗೆ ಹೋಗಿ ಆಡಿಯೂ ಇತ್ತು, ಆದರೆ ಎರಡನ್ನೂ ಸೋತಿತ್ತು. ಅದಕ್ಕೂ ಸ್ಥಾನ ಸಿಗಲಿಲ್ಲ. ಕಷ್ಟದ ಪಂದ್ಯ ಆಡಿದ ಮಾತ್ರಕ್ಕೆ ಸಮಿತಿ ಮನ್ನಣೆ ಕೊಡುವುದಿಲ್ಲ, ಅದರಲ್ಲಿ ಕೆಲವನ್ನಾದರೂ ಗೆದ್ದು ತೋರಿಸಬೇಕು.

ಹಾಗೆಂದು ದಾರಿಯೇ ಇಲ್ಲವೆನ್ನಲಾಗದು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನ ಗೊನ್ಜಾಗಾ 1999ರಿಂದ ಒಂದು ವರ್ಷವೂ ಮಾರ್ಚ್ ಟೂರ್ನಿಯ ಆಯ್ಕೆ ತಪ್ಪಿಸಿಕೊಂಡಿಲ್ಲ. 2017 ಮತ್ತು 2021ರಲ್ಲಿ ಫೈನಲ್ ಆಡಿತು. ಆರಂಭದ ವರ್ಷಗಳಲ್ಲಿ ಕೋಚ್ ಮಾರ್ಕ್ ಫ್ಯೂ ಅನುಸರಿಸಿದ್ದು ಒಂದೇ ನೀತಿ: ಯಾರು ಕರೆದರೂ ಸರಿ, ಎಲ್ಲಿಗೆ ಕರೆದರೂ ಸರಿ, ಹೋಗಿ ಆಡುವುದು. ಸೋತರೂ ಪ್ರತಿ ವರ್ಷ ಹೋದರು. ಗೆಲ್ಲತೊಡಗಿದ ಮೇಲೆ ಟಿ.ವಿ.ಯವರಿಗೇ ಗೊನ್ಜಾಗಾ ಬೇಕಾಯಿತು. ಕೆಂಟಕಿ ತಂಡ 2022ರ ನವೆಂಬರ್‌ನಲ್ಲಿ ಸ್ಪೊಕೇನ್‌ಗೇ ಬಂದು ಆಡಿತು. ಆಗಲೂ ಗೊನ್ಜಾಗಾದ 6,000 ಆಸನಗಳ ಸ್ವಂತ ಅಂಗಣದ ಬದಲು ಊರಿನ ದೊಡ್ಡ ಅರೀನಾದಲ್ಲಿ ಪಂದ್ಯ ಇಟ್ಟರು. ಅಷ್ಟು ಬೆಳೆದ ತಂಡಕ್ಕೂ ತವರಿನ ಪೂರ್ತಿ ಅನುಕೂಲ ದಕ್ಕಲಿಲ್ಲ.

ಈಚೆಗೆ ಈ ಕೆಲಸ ಇನ್ನೂ ಬಿಗಿಯಾಗಿದೆ. ಬಿಗ್ ಟೆನ್ ಕಾನ್ಫರೆನ್ಸ್ 2018–19ರಲ್ಲಿ ತನ್ನೊಳಗಿನ ಪಂದ್ಯಗಳನ್ನು 20ಕ್ಕೆ ಏರಿಸಿತು. ಹೊರಗಿನವರಿಗೆ ಉಳಿದ ದಿನಗಳು ಅಷ್ಟರಮಟ್ಟಿಗೆ ಕಡಿಮೆಯಾದವು. ಆಟಗಾರರು ಬೇಸಿಗೆಯಲ್ಲಿ ಕಾಲೇಜು ಬದಲಿಸುವುದು ಸಲೀಸಾದ ಮೇಲೆ ಬರುವ ವರ್ಷ ತನ್ನ ತಂಡ ಹೇಗಿರುತ್ತದೆ ಎಂಬುದು ಕೋಚ್‌ಗೆ ಮೇ ತಿಂಗಳಾದರೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಕಷ್ಟದ ಪಂದ್ಯಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಇದರಿಂದ ಮಿಡ್-ಮೇಜರ್‌ಗಳು ತಮ್ಮಂಥವರ ಜೊತೆಯಲ್ಲೇ ಒಪ್ಪಂದ ಮಾಡಿಕೊಳ್ಳುವುದು ಹೆಚ್ಚುತ್ತಿದೆ. ಮ್ಯಾಕ್ ಮತ್ತು ಸನ್ ಬೆಲ್ಟ್ ಕಾನ್ಫರೆನ್ಸ್‌ಗಳು 2023–24ರಿಂದ ಪರಸ್ಪರ ಪಂದ್ಯ ಏರ್ಪಡಿಸಿಕೊಳ್ಳುತ್ತಿವೆ. ಬುದ್ಧಿವಂತಿಕೆಯ ಕೆಲಸ, ಆದರೆ ಕ್ವಾಡ್ 1 ಗೆಲುವಿನ ಹಸಿವು ಅದರಿಂದ ಪೂರ್ತಿ ತಣಿಯುವುದಿಲ್ಲ. ದೊಡ್ಡ ತಂಡಗಳು ವರ್ಷಕ್ಕೆ ಒಂದು ಸಲವಾದರೂ ಮಿಡ್-ಮೇಜರ್ ಅಂಗಣಕ್ಕೆ ಹೋಗಿ ಆಡಲೇಬೇಕು ಎಂಬ ನಿಯಮವನ್ನು ಎನ್‌ಸಿಎಎ ತಂದರೆ ಈ ಗೋಳು ಬಹುಪಾಲು ಕಡಿಮೆಯಾದೀತು ಎಂಬುದು ನನ್ನ ಅಭಿಪ್ರಾಯ.

ವೇಳಾಪಟ್ಟಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪ್ರಕಟವಾಗುತ್ತದೆ. ಅದು ಬಂದಾಗ ಮಗಳ ಜೊತೆ ಕೂತು ನವೆಂಬರ್, ಡಿಸೆಂಬರ್‌ನ ಸಾಲುಗಳನ್ನು ಓದಿ. ಎದುರಾಳಿಯ ಹೆಸರಿನ ಹಿಂದೆ ‘ಅಟ್’ ಎಂದಿದ್ದರೆ ಡೇಟನ್ ಆ ಊರಿಗೆ ಹೋಗುತ್ತಿದೆ. ‘ವರ್ಸಸ್’ ಎಂದಿದ್ದರೆ ಸ್ಥಳದ ಹೆಸರನ್ನೂ ನೋಡಿ, ಅದು ಯುಡಿ ಅರೀನಾ ಆಗಿರಬಹುದು, ಮೂರನೆಯ ಊರೂ ಆಗಿರಬಹುದು. ದೊಡ್ಡ ಕಾನ್ಫರೆನ್ಸ್‌ನ ಹೆಸರುಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಡೇಟನ್‌ಗೆ ಬರುತ್ತವೆ ಎಂದು ಗುರುತು ಹಾಕಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಸಮಿತಿ ಡೇಟನ್ ಹೆಸರನ್ನು ಚರ್ಚಿಸುವಾಗ ಮೊದಲು ಎತ್ತಿಕೊಳ್ಳುವುದು ಆ ಸಾಲುಗಳನ್ನೇ.